ಭಾವ ಕಟ್ಟಿದ ವಿಮಾನದ ಸದ್ದು ನಿಂತಾಗ

ಬೆಳಿಗ್ಗೆ ಏಳು ಗಂಟೆ ಹದಿನಾಲ್ಕು ನಿಮಿಷಕ್ಕೆ ಸದ್ದು ನಿಂತಿತು. ಇಷ್ಟು ಖಚಿತವಾಗಿ ಹೇಳಲು ಕಾರಣ, ಆಗ ನಾನು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದೆ. ಕಳೆದ ವರ್ಷ, ರಾಗಿ ಕುಯ್ಲು ಆಗಷ್ಟೇ ಮುಗಿದಿದ್ದ ಒಂದು ಭಾನುವಾರ. ನನ್ನ ಭಾವ ತಾವೇ ಕಟ್ಟಿದ ಪುಟ್ಟ ವಿಮಾನದಲ್ಲಿ ಬಿಂಡಿಗನವಿಲೆ ಕಡೆಯ ಹೊಲಗಳ ಮೇಲೆ ಹಾರುತ್ತಿದ್ದರು. ವಿಡಿಯೊದಲ್ಲಿ ಮೊದಲು ಎಂಜಿನ್ನಿನ ಸದ್ದಿದೆ, ಅದರ ಜೊತೆಗೆ ನನ್ನ ನಗು. ಆಮೇಲೆ ಎಂಜಿನ್ನು ಎರಡು ಸಲ ಕೆಮ್ಮಿದಂತೆ ಕೇಳಿಸುತ್ತದೆ. ಅದಾದ ಮೇಲೆ ಕುರಿಗಳ ಕೊರಳ ಗಂಟೆ ಮಾತ್ರ.

ನಾನು ಕಿರಂಗೂರಿನವಳು. ಶ್ರೀರಂಗಪಟ್ಟಣದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅಕ್ಕ ಪದ್ಮಳನ್ನು ಬಿಂಡಿಗನವಿಲೆ ಹತ್ತಿರದ ಊರಿಗೆ ಕೊಟ್ಟಿದ್ದೇವೆ. ಭಾವನ ಹೆಸರು ಚೆಲುವರಾಜು. ವಾಯುಪಡೆಯಲ್ಲಿ ವಿಮಾನಗಳ ರಿಪೇರಿ ಕೆಲಸ ಮಾಡಿ ನಿವೃತ್ತರಾದವರು. ಊರಿಗೆ ಬಂದ ಮೇಲೆ ಜಮೀನು, ಎರಡು ಹಸು ನೋಡಿಕೊಂಡು ಇರುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವರು ಮಾತ್ರ ಖಾಲಿ ಬಿದ್ದಿದ್ದ ರೇಷ್ಮೆ ಹುಳು ಮನೆಯ ತಟ್ಟೆ, ಸ್ಟ್ಯಾಂಡುಗಳನ್ನೆಲ್ಲ ಆಚೆ ಹಾಕಿ, ಸುಣ್ಣ ಬಳಿಸಿ, ಅದರೊಳಗೆ ವಿಮಾನ ಕಟ್ಟಲು ಕೂತರು.

ಕೊಳವೆಗಳ ವೆಲ್ಡಿಂಗ್ ಆದದ್ದು ಪಾಂಡವಪುರದಲ್ಲಿ, ಟ್ರಾಕ್ಟರಿನ ಟ್ರೈಲರ್ ಮಾಡುವ ಒಂದು ವರ್ಕ್‌ಶಾಪಿನಲ್ಲಿ. ಅಲ್ಲಿಯವರು ಅದನ್ನು ಮದುವೆ ಶಾಮಿಯಾನದ ಚೌಕಟ್ಟು ಅಂದುಕೊಂಡಿದ್ದರಂತೆ. ರೆಕ್ಕೆಯ ಒಳಗಿನ ಮರದ ಪಟ್ಟಿಗಳನ್ನು ಶೀಳನೆರೆಯ ಒಬ್ಬ ಬಡಗಿ, ಕಿಟಕಿ ಬಾಗಿಲು ಮಾಡುವವರು, ಕೂದಲೆಳೆ ವ್ಯತ್ಯಾಸ ಬಂದರೂ ಭಾವ ವಾಪಸು ಕೊಡುತ್ತಾರೆಂದು ಬೈದುಕೊಂಡೇ ಮಾಡಿಕೊಟ್ಟರು. ರೆಕ್ಕೆಗೆ ಹೊದಿಸುವ ಬಟ್ಟೆ ಹೊಲಿದವಳು ನಮ್ಮಕ್ಕ. ಹೊದಿಸಿದ ಮೇಲೆ ಅದು ಡೋಲಿನ ಚರ್ಮದಂತೆ ಬಿಗಿಯಾಗಲು ಇಸ್ತ್ರಿ ಪೆಟ್ಟಿಗೆಯಿಂದ ಉಜ್ಜಬೇಕು. ಒಂದು ಬೇಸಿಗೆ ರಜೆಯಲ್ಲಿ ನಾನೂ ಅಕ್ಕನೂ ಆ ರೆಕ್ಕೆಗಳಿಗೆ ಇಸ್ತ್ರಿ ಹಾಕಿದ್ದೇವೆ. ಊರಿನ ಹೆಂಗಸರು ಬಂದು ನೋಡಿ, ಗಂಡನ ಷರಟಿಗೆ ಇಸ್ತ್ರಿ ಹಾಕುವುದನ್ನು ನೋಡಿದ್ದೇವೆ, ರೆಕ್ಕೆಗೆ ಹಾಕುವುದನ್ನು ಈಗಲೇ ನೋಡಿದ್ದು ಎಂದು ನಕ್ಕು ಹೋಗುತ್ತಿದ್ದರು. ಕಾಗದಪತ್ರ, ತಪಾಸಣೆ, ಅನುಮತಿ ಇವಕ್ಕೆ ವಿಮಾನ ಕಟ್ಟಿದಷ್ಟೇ ಕಾಲ ಹಿಡಿಯಿತು. ಭಾವ ಅದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ.

ಕಟ್ಟಿದ್ದಕ್ಕಿಂತ ನನಗೆ ಹೆಚ್ಚು ಆಶ್ಚರ್ಯವಾಗುತ್ತಿದ್ದುದು ಅವರು ಅದನ್ನು ನೋಡಿಕೊಳ್ಳುತ್ತಿದ್ದ ರೀತಿ. ಪ್ರತಿಯೊಂದು ನಟ್ಟನ್ನು ಬಿಗಿ ಮಾಡಿದ ಮೇಲೆ ನಟ್ಟಿಗೂ ಬೋಲ್ಟಿಗೂ ಸೇರಿಸಿ ಅಕ್ಕನ ಕೆಂಪು ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ನಟ್ಟು ಎಳ್ಳಷ್ಟು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ಹಾರುವ ಮುಂಚೆ ಮೂಗಿನಿಂದ ಬಾಲದವರೆಗೆ ಟಾರ್ಚು ಹಿಡಿದು ಸುತ್ತು ಬರುತ್ತಿದ್ದರು. ಆ ಹೊತ್ತಿನಲ್ಲಿ ಮನೆಯ ಯಾರೂ ಅವರನ್ನು ಮಾತಾಡಿಸುವಂತಿರಲಿಲ್ಲ. ಸುತ್ತು ಮುಗಿದು "ಆಯ್ತು" ಎಂದರೆ ಅಕ್ಕ ಕಾಫಿ ಕೊಡುತ್ತಿದ್ದಳು. ಜಗಲಿಯ ಮೇಲೆ ಕೂತು ಅದನ್ನು ಕುಡಿದು ನೇರವಾಗಿ ಹೋಗಿ ವಿಮಾನ ಹತ್ತುತ್ತಿದ್ದರು.

ಭಾವನ ತಾಯಿ ನಿಂಗಮ್ಮನವರು ಮಗನ ಹಾರಾಟವನ್ನು ಒಮ್ಮೆಯೂ ಕಣ್ಣಲ್ಲಿ ನೋಡಿರಲಿಲ್ಲ. ಸದ್ದು ಮೇಲಕ್ಕೆ ಹೋದ ಕೂಡಲೇ ದೇವರ ಮನೆಗೆ ಹೋಗಿ ಕೂರುವರು, ಸದ್ದು ಕೆಳಗೆ ಬಂದ ಮೇಲೆ ಎದ್ದು ಬಂದು ಒಲೆ ಹಚ್ಚುವರು. ಹಾರಬೇಡ ಎಂದು ಮಾತ್ರ ಯಾವತ್ತೂ ಹೇಳಿದವರಲ್ಲ. ಆ ಭಾನುವಾರದ ಹಿಂದಿನ ವಾರ ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದ ಜನ ಬೈಕು, ಟಂಟಂಗಳಲ್ಲಿ ಬಂದು ವಿಮಾನ ನೋಡಿ, ಪಕ್ಕದಲ್ಲಿ ನಿಂತು ಫೋಟೊ ಹಿಡಿಸಿಕೊಂಡು ಹೋಗಿದ್ದರು. ಎಲ್ಲರ ಬಾಯಲ್ಲೂ ಹೊಗಳಿಕೆ. ನಿಂಗಮ್ಮನವರಿಗೆ ಅದೇ ಭಯವಾಗಿಬಿಟ್ಟಿತ್ತು. ಅಷ್ಟು ಕಣ್ಣು ಬಿದ್ದರೆ ಕಲ್ಲೂ ಸೀಳುತ್ತದೆ ಎಂದು ನನ್ನ ಹತ್ತಿರ ಅಂದಿದ್ದರು.

ಆ ದಿನವೂ ಭಾವ ಸುತ್ತು ಮುಗಿಸಿ ಕಾಫಿಗೆ ಕೂತರು. ನಿಂಗಮ್ಮನವರು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ವಿಮಾನದ ಹತ್ತಿರ ಒಬ್ಬರೇ ನಿಂತಿದ್ದುದನ್ನು ನಾನು ದೂರದಿಂದ ನೋಡಿದೆ. ಕೈ ಮುಗಿಯುತ್ತಿದ್ದಾರೆ ಅಂದುಕೊಂಡು ನನ್ನ ಜಾಗಕ್ಕೆ ಹೋದೆ. ಭಾವ ಹಾರಲು, ಇಳಿಯಲು ಸಮ ಮಾಡಿಕೊಂಡಿದ್ದ ನಮ್ಮ ಹೊಲದ ಒಂದು ತುದಿಯಲ್ಲಿ ಗಾಡಿ ದಾರಿ ಅಡ್ಡ ಹಾದುಹೋಗುತ್ತದೆ. ಅಲ್ಲಿ ಕೆಂಪು ಬಟ್ಟೆ ಹಿಡಿದು ದನ, ಸ್ಕೂಟರು ಬರದಂತೆ ತಡೆಯುವುದು ನನ್ನ ಕೆಲಸ.

ಆಚೆಯ ಹೊಲದಲ್ಲಿ, ರಾಗಿ ಕುಯ್ದು ಉಳಿದ ಕೂಳೆಯಲ್ಲಿ, ಊರಿನ ಬೋರಣ್ಣ ಕುರಿ ಬಿಟ್ಟುಕೊಂಡು ನಿಂತಿದ್ದ. ಅವನಿಗೂ ಭಾವನಿಗೂ ದಿನಾ ಜಟಾಪಟಿ.

"ನಿಮ್ ಭಾವ ಮೇಲ್ಗಡೆ ಗುರ್ರ್ ಅಂದ್ರೆ ನಮ್ ಕುರಿ ಗಬ್ಬ ಕಟ್ಟಕ್ಕಿಲ್ಲ ಕಣವ್ವ," ಎಂದ ಅವತ್ತೂ. "ಯೋಳು ಅವರ್ಗೆ, ಮರಿ ಕಮ್ಮಿ ಆದ್ರೆ ಇಮಾನನೇ ಕೊಟ್ಟಿಗೇಲಿ ಕಟ್ಕೊತೀನಿ."

ನಾನು ನಗುತ್ತಾ ವಿಡಿಯೊ ಶುರು ಮಾಡಿದ್ದು ಆಗಲೇ. ವಿಮಾನ ಎದ್ದು, ಊರ ಮೇಲೆ ಒಂದು ಸುತ್ತು ಬಂದು, ನಮ್ಮ ತಲೆಯ ಮೇಲೆ ಹಾದು ಮುಂದಕ್ಕೆ ಹೋಗಿ, ಮತ್ತೆ ತಿರುಗಿಕೊಳ್ಳುತ್ತಿತ್ತು. ಅಷ್ಟರಲ್ಲಿ ಆ ಕೆಮ್ಮು. ಆಮೇಲೆ ಏನೂ ಇಲ್ಲ.

ಎಂಜಿನ್ನು ನಿಂತರೆ ಏನು ಮಾಡಬೇಕೆಂದು ಭಾವ ಒಮ್ಮೆ ನನಗೆ ವಿವರಿಸಿದ್ದರು. ಹೆದರಿಕೊಂಡು ಮೂಗು ಎತ್ತಿದರೆ ಬಿದ್ದೆವು, ಧೈರ್ಯ ಮಾಡಿ ಮೂಗು ಇಳಿಸಿದರೆ ಹಾರುತ್ತಲೇ ಇರುತ್ತೇವೆ ಎಂದಿದ್ದರು. ವಿಮಾನ ಮೂಗು ಇಳಿಸಿ ನಮ್ಮ ಕಡೆಗೇ ಬರತೊಡಗಿದಾಗ ನನಗೆ ಅದು ನೆನಪಿತ್ತು. ಆದರೆ ಕೈಯಲ್ಲಿದ್ದ ಕೆಂಪು ಬಟ್ಟೆ ಬೀಸುವುದೂ ಮರೆತುಹೋಯಿತು.

ಭಾವ ಇಳಿಯುವ ನಮ್ಮ ಹೊಲದವರೆಗೆ ಅದು ಬರುವುದಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಅದಕ್ಕೆ ಮುಂಚೆ ಸಮನಾಗಿ ಇದ್ದುದು ರಾಗಿ ಕೂಳೆಯ ಹೊಲ ಒಂದೇ. ಆದರೆ ಅದರ ತುಂಬ ಕುರಿ, ಕುರಿಗಳ ನಡುವೆ ಬೋರಣ್ಣ. ಅವನು ಅತ್ತ ಬೆನ್ನು ಹಾಕಿ ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ಸದ್ದಿಲ್ಲದೆ ಬರುವ ವಿಮಾನ ಅವನಿಗೆ ಹೇಗೆ ಗೊತ್ತಾಗಬೇಕು? ನಾನು ಕೂಗಿದೆ. ಕೂಗಿದೆ ಅಂದುಕೊಂಡೆ. ವಿಡಿಯೊದಲ್ಲಿ ನನ್ನ ದನಿಯೇ ಇಲ್ಲ.

ಕೊನೆಯ ಗಳಿಗೆಯಲ್ಲಿ ವಿಮಾನ ಎಡಕ್ಕೆ ವಾಲಿತು. ಆ ಕಡೆ ಹುರುಳಿ ಹೊಲ, ಕಲ್ಲು, ನಡುವೆ ಒಂದು ಬದು, ಬದುವಿನ ಕೊನೆಗೆ ಹುಣಸೆ ಮರ. ಬೋರಣ್ಣನ ಪಕ್ಕದಲ್ಲಿ ಅದರ ನೆರಳು ಹಾದುಹೋಯಿತು. ಅವನು ತಲೆ ಎತ್ತಿ ಕಂಬಳಿ ಸಮೇತ ನೆಲಕ್ಕೆ ಬಿದ್ದ. ಚಕ್ರ ಹುರುಳಿ ಬಳ್ಳಿಗಳನ್ನು ಕಿತ್ತುಕೊಂಡು ಓಡಿತು. ಬದುವಿಗೆ ಬಡಿದು ಮುಂದಿನ ಚಕ್ರ ಮುರಿಯಿತು, ಮೂಗು ಮಣ್ಣಿಗೆ ಹೂತು ಬಾಲ ಮೇಲಕ್ಕೆದ್ದಿತು. ಪೂರ್ತಿ ಮಗುಚುತ್ತದೆ ಅಂದುಕೊಳ್ಳುವಷ್ಟು ಹೊತ್ತು ಹಾಗೇ ನಿಂತು, ದಡ್ ಎಂದು ಹಿಂದಕ್ಕೆ ಬಿತ್ತು. ಆಮೇಲೆ ಧೂಳು.

ನಾನು ಓಡಿ ಹೋಗುವ ಹೊತ್ತಿಗೆ ಭಾವ ಇನ್ನೂ ಸೀಟಿನಲ್ಲೇ ಇದ್ದರು. ಹಣೆಯಲ್ಲಿ ರಕ್ತ. ಕೈಗಳು ಮಾತ್ರ ಕೆಲಸ ಮಾಡುತ್ತಿದ್ದವು. ಕಾಕು ತಿರುಗಿಸಿ ಪೆಟ್ರೋಲು ನಿಲ್ಲಿಸಿದರು, ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿದರು, ಬೆಲ್ಟು ಬಿಚ್ಚಿದರು. ಆಮೇಲೆಯೇ ಕೆಳಗಿಳಿದದ್ದು. ಅಷ್ಟರಲ್ಲಿ ಬೋರಣ್ಣನೂ ಬಂದ.

"ಕುರಿ ಮ್ಯಾಲೇ ಇಳ್ಸಿದ್ರೆ ಮೆತ್ಗಾರಾ ಇರ್ತಿತ್ತಲ್ಲಣ್ಣ," ಎಂದ. "ಯಾಕ್ ತಿರುಗುಸ್ಕಂಡೆ?"

"ಗಬ್ಬ ಕಟ್ಟಕ್ಕಿಲ್ಲ ಅಂತ ಮೊದ್ಲೇ ಅಳ್ತಿದ್ದೆ ಕಣ್ಲಾ," ಎಂದರು ಭಾವ. "ಇರೋವ್ನೂ ಕೊಂದ್ರೆ ನೀನು ಬುಟ್ಟೀಯ ನನ್ನ?"

ಬೋರಣ್ಣ ನಗಲು ಹೋಗಿ ಅತ್ತುಬಿಟ್ಟ. ಭಾವ ಅವನ ಹೆಗಲ ಮೇಲೆ ಕೈ ಇಟ್ಟು, ಚದುರಿದ ಕುರಿ ಸೇರಿಸಿಕೊ ಹೋಗು ಎಂದು ಕಳಿಸಿದರು.

ಆಮೇಲೆ ಸೀಟಿನ ಹಿಂದಿದ್ದ ಪೆಟ್ರೋಲ್ ಟ್ಯಾಂಕಿನ ಹತ್ತಿರ ಬಂದು ಬಗ್ಗಿ ನೋಡಿದರು. ಟ್ಯಾಂಕಿನ ಪಕ್ಕೆ ಒಳಕ್ಕೆ ಹೀರಿಕೊಂಡಂತೆ ತಗ್ಗಾಗಿತ್ತು. ಮುಚ್ಚಳ ತಿರುಗಿಸಿದಾಗ ಉಸ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಆ ಮುಚ್ಚಳದ ನಡುವೆ ಗಾಳಿಯಾಡಲು ಒಂದು ಸಣ್ಣ ತೂತು ಇದೆ. ಪೆಟ್ರೋಲು ಖರ್ಚಾದಷ್ಟೂ ಅದರೊಳಗಿಂದ ಗಾಳಿ ಹೋಗಬೇಕು, ಇಲ್ಲದಿದ್ದರೆ ಎಂಜಿನ್ನಿಗೆ ಪೆಟ್ರೋಲು ಇಳಿಯುವುದಿಲ್ಲ. ಆ ತೂತಿನ ಮೇಲೆ, ಅಚ್ಚುಕಟ್ಟಾಗಿ, ದುಂಡಗೆ, ಒಂದು ಕಪ್ಪು ಬೊಟ್ಟು ಇತ್ತು.

ಸಾದು. ಸಬ್ಬಕ್ಕಿಯನ್ನು ಕರ್ರಗೆ ಹುರಿದು ನೀರಲ್ಲಿ ಕುದಿಸಿ ತೆಂಗಿನ ಚಿಪ್ಪಿನಲ್ಲಿ ಒಣಗಿಸಿಡುವ ಸಾದು. ನಮ್ಮ ಕಡೆ ಕೂಸುಗಳಿಗೆ ದೃಷ್ಟಿಯಾಗದಿರಲೆಂದು ಇಡುವುದು ಅದನ್ನೇ. ಬೆರಳು ಒದ್ದೆ ಮಾಡಿ ತೇಯ್ದು ಇಟ್ಟರೆ ಗೋಂದಿನಂತೆ ಹಿಡಿದುಕೊಂಡು, ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಬೆಳ್ಳಗೆ ಬಣ್ಣ ಬಳಿದ ವಿಮಾನದ ಅಂದ ಕೆಡದ ಹಾಗೆ, ಮಗನ ಕಣ್ಣಿಗೂ ಬೀಳದ ಹಾಗೆ, ನಿಂಗಮ್ಮನವರು ಜಾಗ ಹುಡುಕಿ ಇಟ್ಟಿದ್ದರು.

ಭಾವ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆದರು.

"ಅವ್ವಂಗೆ ಹೇಳ್ಬೇಡ ಸುಧಾ," ಎಂದರು. "ಪೆಟ್ರೋಲಲ್ಲಿ ಕಸ ಇತ್ತು ಅನ್ನು."

"ಅವರು ಗೊತ್ತಿಲ್ಲದೆ ಇಟ್ಟಿದ್ದಾರೆ ಭಾವ, ಆದ್ರೂ..."

"ಅವ್ವ ಇಟ್ಟಿದ್ದು ಬೊಟ್ಟು. ನೋಡಿ ಮುಗಿಸ್ದ ಮೇಲೆ ವಿಮಾನ ಬಿಟ್ಟು ಕಾಫಿಗೆ ಹೋದವನು ನಾನು. ತಪ್ಪು ಕಾಫೀದು."

ಸಾವಿನ ಹತ್ತಿರ ಹೋಗಿ ಬಂದ ಮನುಷ್ಯ, ಹಣೆಯ ರಕ್ತ ಇನ್ನೂ ಒರೆಸಿಕೊಂಡಿರಲಿಲ್ಲ, ಮೊದಲು ಯೋಚಿಸಿದ್ದು ಇದನ್ನು. ವಿಮಾನ ಕಟ್ಟಿದ್ದಕ್ಕೆ ಅವರನ್ನು ಮೆಚ್ಚಿಕೊಂಡವರು ಬಹಳ ಜನ. ನಾನು ಮೆಚ್ಚಿಕೊಂಡದ್ದು ಆ ಹುರುಳಿ ಹೊಲದಲ್ಲಿ.

ಮನೆಗೆ ಬಂದಾಗ ನಿಂಗಮ್ಮನವರು ಬಾಗಿಲಲ್ಲೇ ನಿಂತಿದ್ದರು. ಸದ್ದು ಕೆಳಗೆ ಬರದೇ ನಿಂತದ್ದನ್ನು ದೇವರ ಮನೆಯಿಂದಲೇ ಕೇಳಿಸಿಕೊಂಡಿದ್ದರಲ್ಲ. ಮಗನ ಮೈ ತಡವಿ ನೋಡಿದರು. ಅಕ್ಕ ಹಣೆಗೆ ಔಷಧಿ ಹಚ್ಚಿದಳು. ಪೆಟ್ರೋಲಲ್ಲಿ ಕಸ ಎಂದೆವು. ನಿಂಗಮ್ಮನವರೇ ಚೊಂಬಿನಿಂದ ಮಗನ ಕೈಗೆ ನೀರು ಹಾಕಿ, ಮುದ್ದೆ ಬಡಿಸಿದರು. ಏನೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ತೋರಿಸಿದ್ದೂ ಆಯಿತು, ಅಧಿಕಾರಿಗಳಿಗೆ ನಡೆದದ್ದನ್ನು ನಡೆದ ಹಾಗೆಯೇ ಬರೆದು ಕೊಟ್ಟದ್ದೂ ಆಯಿತು. ಭಾವ ಮುರಿದ ಚಕ್ರದಿಂದ ಶುರು ಮಾಡಿ ವಿಮಾನವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದರು. ನನಗೆ ಮಾತ್ರ ನಿದ್ದೆ ಹಾರಿಹೋಯಿತು. ಹೇಳಿದರೆ ನಗಬಹುದು, ನನ್ನನ್ನು ಎಬ್ಬಿಸುತ್ತಿದ್ದುದು ಸದ್ದಲ್ಲ. ಕಿರಂಗೂರಿನಲ್ಲಿ ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತರೆ ಸಾಕು, ಆ ನಿಶ್ಶಬ್ದಕ್ಕೆ ಬೆಚ್ಚಿ ಎದ್ದು ಕೂರುತ್ತಿದ್ದೆ. ಮೂಗು ಇಳಿಸಿಕೊಂಡು ಬರುವ ಬಿಳಿ ವಿಮಾನ, ಬೆನ್ನು ಹಾಕಿದ ಬೋರಣ್ಣ. ಬೆಳಗಾಗುವವರೆಗೆ ಅದೇ. ಮಕ್ಕಳಿಗೆ ಗಾಳಿಯ ಒತ್ತಡದ ಪಾಠ ಮಾಡುವಾಗಲೂ ಟ್ಯಾಂಕಿನ ಆ ಮುಚ್ಚಳವೇ ಕಣ್ಣಮುಂದೆ ಬರುತ್ತಿತ್ತು.

ಯುಗಾದಿ ಕಳೆದ ಮೇಲೆ ಮತ್ತೆ ಹಾರುವ ದಿನ ಬಂತು. ಬರುವುದಿಲ್ಲ ಎಂದಿದ್ದವಳು ಹಿಂದಿನ ಸಂಜೆಯೇ ಬಸ್ಸು ಹತ್ತಿ ಹೋಗಿದ್ದೆ. ಬೆಳಿಗ್ಗೆ ಭಾವ ಮೊದಲು ಕಾಫಿ ಕುಡಿದರು, ಲೋಟ ಕೆಳಗಿಟ್ಟು ಟಾರ್ಚು ತೆಗೆದುಕೊಂಡರು. ಅಷ್ಟರಲ್ಲಿ ನಿಂಗಮ್ಮನವರು ಬಂದರು. ಈ ಸಲ ತೆಂಗಿನ ಚಿಪ್ಪು ಸೆರಗಿನ ಮರೆಯಲ್ಲಿರಲಿಲ್ಲ, ಎಲ್ಲರಿಗೂ ಕಾಣುವಂತೆ ಅಂಗೈ ಮೇಲಿತ್ತು.

"ನೀನು ನೋಡಕ್ಕೆ ಮುಂಚೆ ಇಕ್ಬುಡ್ತೀನಿ ಮಗಾ," ಎಂದರು. "ಉಸ್ರು ಕಟ್ಟದೇ ಇರೋ ಜಾಗ ಒಂದು ತೋರ್ಸು."

ಭಾವ ನನ್ನ ಕಡೆ ನೋಡಿದರು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ. ಆಮೇಲೆ ಅವರು ತಾಯಿಯ ಕೈ ಹಿಡಿದುಕೊಂಡು ಬಾಲದ ಹತ್ತಿರ ಕರೆದುಕೊಂಡು ಹೋಗಿ, ಬಾಲದ ಕೆಳಗೆ, ನೆಲಕ್ಕೆ ಮುಖ ಮಾಡಿದ ಜಾಗ ತೋರಿಸಿದರು.

"ಇಲ್ಲಿ ಇಕ್ಕವ್ವ. ಕೂಸ್ಗೆ ಅಂಗಾಲ್ಗೆ ಇಕ್ಕಲ್ವಾ, ಅಂಗೆ."

ನಿಂಗಮ್ಮನವರು ಕಷ್ಟಪಟ್ಟು ಬಗ್ಗಿ, ಬೆರಳು ಒದ್ದೆ ಮಾಡಿ, ಬೊಟ್ಟು ಇಟ್ಟರು. ಭಾವ ಅದರ ಮೇಲೂ ಟಾರ್ಚು ಬಿಟ್ಟು ನೋಡಿದರು. ಆಮೇಲೆ ಮೂಗಿನ ಕಡೆಗೆ ಹೋಗಿ ತಮ್ಮ ಸುತ್ತು ಶುರು ಮಾಡಿದರು.

ಹೇಗೆ ಗೊತ್ತಾಯಿತು ಎಂದು ನಾನು ನಿಂಗಮ್ಮನವರನ್ನು ಮೆಲ್ಲಗೆ ಕೇಳಿದೆ.

"ಅವತ್ತು ಕೈಗೆ ನೀರುಯ್ದ್ನಲ್ಲ ಕಣವ್ವ," ಎಂದರು. "ಎಬ್ಬೆಟ್ಟಿಂದ ಕರ್ರಗೆ ಇಳ್ದೋಯ್ತು. ಆಯ್ಲು, ಗಿರೀಸು ಆಗಿದ್ರೆ ಬರೀ ನೀರ್ಗೆ ಓಯ್ತಿತ್ತಾ? ನಾನಿಕ್ಕಿದ್ ಸಾದೇ ಅದು, ಇಕ್ಕಿದ್ ಜಾಗ್ದಲ್ಲಿ ತೂತಿದ್ದಿದ್ದು ಆಗ್ಲೇ ಗ್ಯಾನ ಬಂತು. ನೀವು ಯೋಳ್ನಿಲ್ಲ, ನಾನೂ ಕೇಳ್ನಿಲ್ಲ. ಅವತ್ನಿಂದ ಒಂದ್ ರಾತ್ರಿನೂ ಕಣ್ಮುಚ್ಚಿಲ್ಲ ಕಣ್ ಮಗಾ ನಾನು."

ಅವರಿಗೆ ಗೊತ್ತಾಗಬಾರದೆಂದು ನಾವು, ನಮಗೆ ಗೊತ್ತಾಗಬಾರದೆಂದು ಅವರು, ಒಂದೇ ಬೊಟ್ಟನ್ನು ಅಷ್ಟು ತಿಂಗಳು ಬಚ್ಚಿಟ್ಟುಕೊಂಡು ಎಚ್ಚರವಿದ್ದೆವು.

ಅವತ್ತು ನಿಂಗಮ್ಮನವರು ದೇವರ ಮನೆಗೆ ಹೋಗಲಿಲ್ಲ. ಗಾಡಿ ದಾರಿಯ ಹತ್ತಿರ ನನ್ನ ತೋಳು ಹಿಡಿದುಕೊಂಡು ನಿಂತು, ಮೊದಲ ಸಲ ಮಗ ಹಾರುವುದನ್ನು ನೋಡಿದರು. ಬೋರಣ್ಣ ಕುರಿಗಳನ್ನು ಹೊಡೆದುಕೊಂಡು ಹೋಗಿ ದೂರದ ಬದುವಿನ ಮೇಲೆ ಕೂತಿದ್ದ, ಈ ಸಲ ಆಕಾಶದ ಕಡೆ ಮುಖ ಮಾಡಿ. ವಿಮಾನ ಮೂರು ಸುತ್ತು ಬಂದು, ಸದ್ದು ಮಾಡಿಕೊಂಡೇ, ನಮ್ಮ ಹೊಲದಲ್ಲೇ ಇಳಿಯಿತು. ನನ್ನ ತೋಳಿನ ಮೇಲೆ ಅವರ ಬೆರಳುಗಳ ಗುರುತು ಮೂಡಿತ್ತು.

ಆ ರಾತ್ರಿ ಅಕ್ಕನ ಮನೆಯ ನಡುಮನೆಯಲ್ಲಿ ನಿಂಗಮ್ಮನವರ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿದೆ. ಎಚ್ಚರವಾದಾಗ ಹೆಂಚಿನ ಸಂದಿಯಿಂದ ಬಿಸಿಲು ಮುಖಕ್ಕೆ ಬೀಳುತ್ತಿತ್ತು. ದಿನಾ ಕೋಳಿ ಕೂಗುವ ಮುಂಚೆ ಏಳುವ ನಿಂಗಮ್ಮನವರು ಗೋಡೆ ಕಡೆ ತಿರುಗಿಕೊಂಡು ಇನ್ನೂ ಗೊರಕೆ ಹೊಡೆಯುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತು, ರಾತ್ರಿಯೆಲ್ಲ ಕರೆಂಟು ಇರಲಿಲ್ಲ, ಸೆಖೆಗೆ ತಾನೊಬ್ಬಳೇ ಹೊರಳಾಡಿದೆ ಎಂದು ಗೊಣಗುತ್ತಿದ್ದಳು. ಫ್ಯಾನು ಯಾವಾಗ ನಿಂತಿತೋ ನನಗೆ ಗೊತ್ತಾಗಿರಲೇ ಇಲ್ಲ.