ಪಾತ್ರೆಗೊಂದು ಅಂಗಿ

ಒಲೆಯಿಂದ ಇಳಿಸಿದ ಕುಚ್ಚಲಕ್ಕಿ ಪಾತ್ರೆಯ ಮುಚ್ಚಳವನ್ನು ತೆಗೆದು ನೋಡದೆ ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ಅದರ ಎದುರು ಒಬ್ಬನೇ ಕೂತವನಿಗೆ ಮಾತ್ರ ಗೊತ್ತು. ಒಳಗೆ ಇರುವುದು ಅಕ್ಕಿ ಮತ್ತು ನೀರು. ಅವೆರಡೂ ಎಲ್ಲಿಗೂ ಓಡಿಹೋಗುವ ಜಾತಿಯವಲ್ಲ. ಆದರೂ ಐದು ನಿಮಿಷಕ್ಕೊಮ್ಮೆ ಕೈ ಅತ್ತ ಹೋಗುತ್ತದೆ. ಬೆಂದಿತೋ ಇಲ್ಲವೋ ಎಂದು ಇಣುಕುವುದರಿಂದಲೇ ಅನ್ನ ಬೇಯದೆ ಉಳಿಯುತ್ತದೆ ಎಂಬ ತತ್ತ್ವವನ್ನು ನಾನು ಬಹಳಷ್ಟು ಅರೆಬೆಂದ ಅನ್ನವನ್ನು ಉಂಡು ಸಂಪಾದಿಸಿದ್ದೇನೆ.

ನಾನು ಗುರುವಾಯನಕೆರೆಯಲ್ಲಿ ಟೈಲರ್. ಕಳೆದ ಮಳೆಗಾಲದಲ್ಲಿ ನನ್ನ ಹೆಂಡತಿ ಗುಲಾಬಿ ತೀರಿಕೊಂಡಳು. ಅಂದಿನಿಂದ ಅಂಗಡಿಯ ಶಟರ್ ಎತ್ತಲು ಮನಸ್ಸಾಗದೆ ಎಂಟು ತಿಂಗಳು ಮನೆಯಲ್ಲೇ ಕೂತೆ. ಸಾವಾದ ಮನೆಗೆ ಜನ ಬರಿಗೈಯಲ್ಲಿ ಬಂದರೂ ಸಲಹೆಯಿಲ್ಲದೆ ಬರುವುದಿಲ್ಲ. ಬೆಳಿಗ್ಗೆ ವಾಕಿಂಗ್ ಹೋಗಿ ಎಂದವರು, ಬಿಸಿನೀರಿಗೆ ಜೀರಿಗೆ ಹಾಕಿ ಕುಡಿಯಿರಿ ಎಂದವರು, ಒಂದು ನಾಯಿ ಸಾಕಿ ಎಂದವರು, ಎಲ್ಲರೂ ಒಳ್ಳೆಯವರೇ. ನರಿಕೊಂಬಿಗೆ ಮದುವೆ ಮಾಡಿಕೊಟ್ಟ ಮಗಳು ಸೌಮ್ಯ ಮಾತ್ರ ದಿನಕ್ಕೆರಡು ವಿಡಿಯೊ ಕಳಿಸುತ್ತಿದ್ದಳು. ಬೆಳ್ಳುಳ್ಳಿ ಸಿಪ್ಪೆಯನ್ನು ಕ್ಷಣದಲ್ಲಿ ಸುಲಿಯುವುದು, ಹಳೆಯ ಬಾಟಲಿಯಿಂದ ದೀಪ ಮಾಡುವುದು, ಅಂಗಿಯನ್ನು ಎರಡೇ ಚಿಟಿಕೆಯಲ್ಲಿ ಮಡಚುವುದು. ಮೂವತ್ತು ವರ್ಷ ಅಂಗಿ ಹೊಲಿದವನು ಆ ವಿಡಿಯೊ ನೋಡಿ ಮಡಚಲು ಹೋಗಿ, ತೋಳು ಎಲ್ಲಿ, ಕಾಲರ್ ಎಲ್ಲಿ ಎಂದು ಹುಡುಕುವ ಹಾಗಾದದ್ದನ್ನು ಅವಳಿಗೆ ಹೇಳಲಿಲ್ಲ.

ನನ್ನಲ್ಲಿಯೂ ಕೆಲವು ಉಪಾಯಗಳಿವೆ. ಓದುವ ನಿಮಗೆ ಧಾರಾಳವಾಗಿ ಕೊಡಬಲ್ಲೆ. ಸೂಜಿಗೆ ನೂಲು ಹಾಕುವಾಗ ಹಿಂದೆ ಬಿಳಿ ಕಾಗದ ಹಿಡಿಯಿರಿ, ಕನ್ನಡಕದ ನಂಬರು ಬದಲಾಗುವುದು ಒಂದು ವರ್ಷ ಮುಂದೆ ಹೋಗುತ್ತದೆ. ಹಟ ಹಿಡಿದ ಜಿಪ್ಪಿಗೆ ಮೇಣದಬತ್ತಿ ಉಜ್ಜಿರಿ. ಸವೆದ ಸಾಬೂನಿನ ಚೂರನ್ನು ಒಣಗಿಸಿಟ್ಟರೆ ಬಟ್ಟೆಗೆ ಗೆರೆ ಎಳೆಯಲು ಅದಕ್ಕಿಂತ ಒಳ್ಳೆಯ ಚಾಕ್ ಇಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗುವುದಾದರೆ ಬಲಗಡೆಯ ಕಿಟಕಿ, ಸಂಜೆ ಮರಳುವಾಗ ಎಡಗಡೆಯದು. ಎರಡು ಸಲವೂ ಬಿಸಿಲು ಆಚೆ ಬದಿಯವರ ಪಾಲಿಗೆ, ಸೀಟು ಸಿಕ್ಕಿದರೆ. ಕಪ್ಪು ಕೊಡೆಯ ಹಿಡಿಗೆ ಕೆಂಪು ನೂಲು ಸುತ್ತಿಡಿ. ಬಂಟ್ವಾಳದ ಒಂದು ಮದುವೆಗೆ ಹೊಸ ಕೊಡೆಯೊಂದಿಗೆ ಹೋಗಿ ಕಡ್ಡಿ ಮುರಿದ ಕೊಡೆಯೊಂದಿಗೆ ಮರಳಿದ ದಿನ ಕಲಿತ ಪಾಠ ಇದು. ಕತ್ತಲಾಗುವ ಮೊದಲೇ ಊಟ ಮುಗಿಸುವ ಅಭ್ಯಾಸವನ್ನು ನನ್ನ ಅಂಗಡಿಯ ಮಾಲೀಕರಾದ ಜೈನರಿಂದ ಕಡ ತಂದಿದ್ದೇನೆ. ಅವರಿಗೆ ಅದು ಧರ್ಮ, ನನಗೆ ನಿದ್ರೆಯ ಔಷಧಿ.

ಆದರೆ ಇವೆಲ್ಲ ಚಿಲ್ಲರೆ ಉಪಾಯಗಳು. ನಮ್ಮ ಮನೆಯ ನಿಜವಾದ ಉಪಾಯಗಾರ್ತಿ ಗುಲಾಬಿ. ಕುಚ್ಚಲಕ್ಕಿ ಬೇಯಲು ಗ್ಯಾಸ್ ಬಹಳ ಬೇಕೆಂಬುದು ನಮ್ಮ ಕಡೆಯ ಎಲ್ಲ ಮನೆಗಳ ದೂರು. ಗುಲಾಬಿ ಅಕ್ಕಿಯನ್ನು ಇಪ್ಪತ್ತು ನಿಮಿಷ ಕುದಿಸಿ, ಮುಚ್ಚಳ ಬಿಗಿದು, ಪಾತ್ರೆಯನ್ನು ಹಾಗೆಯೇ ಬುಟ್ಟಿಯಲ್ಲಿಟ್ಟು ಕಂಬಳಿ ಸುತ್ತಿಬಿಡುತ್ತಿದ್ದಳು. ಎರಡು ಗಂಟೆಯಲ್ಲಿ ಅನ್ನ ತನ್ನಷ್ಟಕ್ಕೆ ಬೇಯುತ್ತಿತ್ತು. ಒಂದು ದಿನ ಕಂಬಳಿ ಜಾರುತ್ತದೆಂದು ಪಾತ್ರೆಯನ್ನೇ ಅಂಗಡಿಗೆ ಹೊತ್ತು ತಂದಳು. "ಇದಕ್ಕೊಂದು ಅಂಗಿ ಹೊಲಿದು ಕೊಡಿ. ಅಳತೆ ಸರಿ ತೆಗೀರಿ, ಹೊಟ್ಟೆ ಸ್ವಲ್ಪ ದೊಡ್ಡದುಂಟು, ನಿಮ್ಮ ಹಾಗೆ," ಎಂದಳು. ಗಿರಾಕಿಗಳೆದುರು ನಾನು ಟೇಪು ಹಿಡಿದು ಪಾತ್ರೆಯ ಸೊಂಟ ಅಳೆದೆ. ಅಂಗಡಿಯಲ್ಲಿ ಉಳಿದ ಚೂರುಬಟ್ಟೆಗಳನ್ನು ಜೋಡಿಸಿ, ನಡುವೆ ಹತ್ತಿ ತುಂಬಿ, ಮೇಲೆ ಲಾಡಿ ಇಟ್ಟು ಹೊಲಿದ ಆ ಅಂಗಿಯಲ್ಲಿ ಊರಿನ ಅರ್ಧ ಮದುವೆಗಳ ಬಣ್ಣಗಳಿವೆ.

ಗುಲಾಬಿ ಹೋದ ಮೇಲೆ ಪಕ್ಕದ ಮನೆಯ ಲೀಲಕ್ಕ ದಿನವೂ ಮಧ್ಯಾಹ್ನ ಕಂಪೌಂಡಿನ ಮೇಲಿಂದ ನನಗೆ ಊಟದ ಡಬ್ಬಿ ದಾಟಿಸಿದರು. ಬೇಡವೆಂದರೆ ಕೇಳುವವರಲ್ಲ. ಕಳೆದ ತಿಂಗಳು, ಮೊಮ್ಮಗುವನ್ನು ನೋಡಿಕೊಳ್ಳಲು ಮೂಡುಬಿದಿರೆಯ ಮಗನ ಮನೆಗೆ ಹೋಗುತ್ತೇನೆ, ಇನ್ನು ಆರು ತಿಂಗಳು ಅಲ್ಲಿಯೇ ಎಂದು ಅವರು ಹೇಳಿದಾಗ ನನಗೆ ಎರಡು ವಿಷಯ ಹೊಳೆಯಿತು. ಒಂದು, ಇನ್ನು ನನ್ನ ಅನ್ನವನ್ನು ನಾನೇ ಬೇಯಿಸಬೇಕು. ಇನ್ನೊಂದು, ಎಂಟು ತಿಂಗಳು ಉಣ್ಣಿಸಿದವರಿಗೆ ಹೊರಡುವ ಮೊದಲು ಒಂದು ಊಟವನ್ನಾದರೂ ನನ್ನ ಕೈಯಿಂದ ಬಡಿಸಬೇಕು. ಅದೂ ಗುಲಾಬಿಯ ಪಾತ್ರೆಯಲ್ಲಿ ಬೆಂದ ಅನ್ನವನ್ನು.

ಆ ಅನ್ನವೇ ಆಗುತ್ತಿರಲಿಲ್ಲ. ಅವಳದೇ ಅಕ್ಕಿ, ಅವಳದೇ ಪಾತ್ರೆ, ಅದೇ ಅಂಗಿ. ಗಡಿಯಾರ ನೋಡಿ ಇಪ್ಪತ್ತು ನಿಮಿಷ ಕುದಿಸಿದೆ. ಆದರೂ ಹತ್ತು ದಿನ ಒಂದೇ ಸಮನೆ ಕಲ್ಲಿನಂಥ ಅನ್ನ. ಅವಳು ಏನೋ ಒಂದನ್ನು ಹೇಳದೆ ಹೋಗಿದ್ದಾಳೆ, ಇನ್ನು ಅದನ್ನು ಕೇಳುವುದು ಯಾರಲ್ಲಿ ಎಂದು ಅಡುಗೆಮನೆಯಲ್ಲಿ ನಿಂತು ಅತ್ತದ್ದೂ ಉಂಟು. ಅನ್ನಕ್ಕಾಗಿ ಅತ್ತದ್ದಲ್ಲ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಲೀಲಕ್ಕನ ಹತ್ತಿರವೇ ಕೇಳಿದೆ.

"ಎಂತ ಮಾರಾಯ್ರೆ, ಮುಚ್ಚಳ ತೆಗೆದು ನೋಡ್ತೀರಾ?" ಎಂದರು.

"ಒಂದೆರಡು ಸಲ."

"ಸುಳ್ಳು ಹೇಳಬೇಡಿ ವಾಸಣ್ಣ."

"ಏಳೆಂಟು ಸಲ."

ಲೀಲಕ್ಕ ಹಣೆ ಬಡಿದುಕೊಂಡು ನಕ್ಕರು. "ಅವಳೂ ಹಾಗೆಯೇ ಇದ್ದದ್ದು. ಮನೆಯಲ್ಲಿದ್ರೆ ಕೈ ಸುಮ್ಮನೆ ಕೂರುವುದಿಲ್ಲ ಲೀಲಕ್ಕ ಅಂತ, ಅಂಗಿ ಕಟ್ಟಿದ ಕೂಡಲೇ ಬಾಗಿಲು ಹಾಕಿ ನಮ್ಮಲ್ಲಿಗೆ ಬರ್ತಾ ಇದ್ದಳು. ಮತ್ತೆ ನಮ್ಮ ಮೆಟ್ಟಿಲಿನ ಮೇಲೆ ಎರಡು ಗಂಟೆ ಯಾಕೆ ಕೂತ್ಕೊಳ್ತಿದ್ದಳು ಅಂತ ಮಾಡಿದ್ರಿ?"

ನಾನು ಅಂದುಕೊಂಡದ್ದು ಬೇರೆಯೇ. ಇಪ್ಪತ್ತೆರಡು ವರ್ಷಗಳ ಕಾಲ ಅವಳನ್ನು, ಒಲೆ ಆರಿದ ಕೂಡಲೇ ನಿನಗೆ ಪಂಚಾತಿಕೆಗೆ ಹೋಗಬೇಕು ಎಂದು ಹಂಗಿಸಿದ್ದೆ. ಒಮ್ಮೆಯೂ ಅವಳು ಎದುರುತ್ತರ ಕೊಟ್ಟಿರಲಿಲ್ಲ. ಮನೆಯಿಂದ ಹೊರಗೆ ಹೋಗುವುದು ಆ ಅಡುಗೆಯ ಕೊನೆಯ ಹಂತವಾಗಿತ್ತು ಎಂದು ಈಗ ತಿಳಿಯಿತು. ನಾನು ಅದೊಂದನ್ನು ಬಿಟ್ಟು ಬೇರೆಲ್ಲವನ್ನೂ ಮಾಡಿದ್ದೆ.

"ಹಾಗಾದರೆ ನಾನೆಲ್ಲಿಗೆ ಹೋಗಲಿ ಲೀಲಕ್ಕ?"

"ನಿಮಗೆ ಅಂಗಡಿ ಇಲ್ವಾ? ನನ್ನ ರವಿಕೆ ಕತ್ತರಿಸಿ ಇಟ್ಟದ್ದು ಎಂಟು ತಿಂಗಳಾಯ್ತು. ಮೂಡುಬಿದಿರೆಗೆ ನಾನು ಹಳೆಯದನ್ನೇ ಹಾಕಿಕೊಂಡು ಹೋಗುವುದಾ?"

ಮರುದಿನ ಹತ್ತೂವರೆಗೆ ಪಾತ್ರೆಗೆ ಅಂಗಿ ತೊಡಿಸಿ, ಲಾಡಿ ಬಿಗಿದು, ಬಾಗಿಲಿಗೆ ಬೀಗ ಹಾಕಿ ಹೊರಟೆ. ಗೇಟಿನ ತನಕ ಹೋಗಿ ಒಮ್ಮೆ ಹಿಂದೆ ಬಂದದ್ದು ನಿಜ. ಬೀಗ ಮುಟ್ಟಿ ನೋಡಿ, ಅಷ್ಟಕ್ಕೇ ಮರಳಿದೆ. ತುಕ್ಕು ಹಿಡಿದ ಶಟರ್ ಎತ್ತುವಾಗ ಆದ ಸದ್ದಿಗೆ ಪಕ್ಕದ ಹೋಟೆಲಿನವರು ಹೊರಗೆ ಬಂದು ನೋಡಿದರು. ಯಾರೂ ಸಲಹೆ ಕೊಡಲಿಲ್ಲ, ಒಂದು ಚಹಾ ಮಾತ್ರ ಬಂತು. ಮಷೀನಿಗೆ ಎಣ್ಣೆ ಬಿಟ್ಟು, ಬಿಳಿ ಕಾಗದದ ಎದುರು ಸೂಜಿಗೆ ನೂಲು ಹಾಕಿ ಲೀಲಕ್ಕನ ರವಿಕೆಗೆ ಕೂತೆ. ಮೊದಲ ಹೊಲಿಗೆ ಸೊಟ್ಟಗಾಗಿ ಬಿಚ್ಚಬೇಕಾಯಿತು. ಎರಡನೆಯ ತೋಳು ಜೋಡಿಸುವಷ್ಟರಲ್ಲಿ ನಾನು ಪಾತ್ರೆಯನ್ನು ಮರೆತಿದ್ದೆ. ಎಂಟು ತಿಂಗಳಲ್ಲಿ ಅಷ್ಟು ಹೊತ್ತು ಏನನ್ನಾದರೂ ಮರೆತದ್ದು ಅದೇ ಮೊದಲು.

ರವಿಕೆ ಹಿಡಿದು ಬರುವಾಗ ಹನ್ನೆರಡೂಕಾಲು. ಊಟಕ್ಕೆ ಬನ್ನಿ ಎಂದು ಹೇಳಿಕಳಿಸಿದ್ದರಿಂದ ಲೀಲಕ್ಕ ಆಗಲೇ ಮಾವಿನಮಿಡಿ ಉಪ್ಪಿನಕಾಯಿಯೊಂದಿಗೆ ನನ್ನ ಬಾಗಿಲಲ್ಲಿ ನಿಂತಿದ್ದರು. ಬೀಗ ತೆಗೆದದ್ದೇ ತಡ, ನೇರ ಅಡುಗೆಮನೆಗೆ ಹೋಗಿ ಅಂಗಿಯ ಲಾಡಿಗೆ ಕೈ ಹಾಕಿದರು.

"ಲೀಲಕ್ಕ, ಇನ್ನೂ ಕಾಲು ಗಂಟೆ ಉಂಟು," ಎಂದೆ. "ಬನ್ನಿ, ಅಷ್ಟು ಹೊತ್ತು ನಿಮ್ಮ ಮೆಟ್ಟಿಲಿನ ಮೇಲೆ ಕೂತ್ಕೊಳ್ಳುವ."

ಅವರು ನನ್ನ ಮುಖ ನೋಡಿದರು, ಲಾಡಿ ಬಿಟ್ಟರು. ಗುಲಾಬಿ ಕೂರುತ್ತಿದ್ದ ಜಾಗ ಯಾವುದೆಂದು ನಾನು ಕೇಳಲಿಲ್ಲ. ಅವರೇ ಎರಡನೆಯ ಮೆಟ್ಟಿಲನ್ನು ಸೆರಗಿನಿಂದ ಒರಸಿ ತೋರಿಸಿದರು. ಅಲ್ಲಿಂದ ನೋಡಿದರೆ ನಮ್ಮ ಅಡುಗೆಮನೆಯ ಕಿಟಕಿ ಸರಿಯಾಗಿ ಕಾಣುತ್ತದೆ, ಪಾತ್ರೆ ಮಾತ್ರ ಕಾಣುವುದಿಲ್ಲ.

ಹನ್ನೆರಡೂವರೆಗೆ ಎದ್ದು ಹೋಗಿ ಮುಚ್ಚಳ ತೆಗೆದೆವು. ಅಗುಳು ಅಗುಳಾಗಿ, ಕೆಂಪಗೆ, ಮೆತ್ತಗೆ ಬೆಂದಿತ್ತು. ಲೀಲಕ್ಕ ಎರಡು ಸಲ ಹಾಕಿಸಿಕೊಂಡರು.