ಬಾಡಿಗೆ ಫಾರಮ್ಮಿನ ಎರಡು ಗೆರೆಗಳು

ಇದನ್ನು ಬರೆಯಬೇಕೆಂದು ಕೂತು ಎದ್ದುಹೋದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದುಕೊಂಡೆ, ಇನ್ನೊಮ್ಮೆ ಹೈಸ್ಕೂಲು ಓದಿದವನ ಬರವಣಿಗೆ ಯಾರಿಗೆ ಬೇಕು ಎಂದುಕೊಂಡೆ. ಅವೆಲ್ಲ ನೆಪ. ಹಿಮದ ಮೇಲೆ ಜಾರುವುದನ್ನು ಕಲಿತ ಕಥೆಯನ್ನು ಹ್ಯೂಸ್ಟನ್ನಿನ ಅರ್ಧ ಕನ್ನಡಿಗರಿಗೆ ಹೇಳಿ ನಗಿಸಿದ್ದೇನೆ. ಪ್ರತಿ ಸಲವೂ ಒಂದು ಜಾಗ ಬಂದ ಕೂಡಲೇ ಮಾತು ತಿರುಗಿಸಿದ್ದೇನೆ. ಆ ಜಾಗದಲ್ಲಿ ನಾನು ಒಬ್ಬ ಮನುಷ್ಯನ ಮೊಣಕಾಲು ಹಾಳುಮಾಡಿ, ಸುಳ್ಳು ಹೇಳಿ, ಪ್ರೀತಿಯಿಂದ ಬೆಳೆದ ಅಕ್ಕ ತಂಗಿಯರ ನಡುವಿನ ಮಾತನ್ನೇ ನಿಲ್ಲಿಸಿದೆ.

ಅಕ್ಕ ನನ್ನ ಹೆಂಡತಿ. ಧಾರವಾಡದವಳು, ನರ್ಸು. ಹ್ಯೂಸ್ಟನ್ನಿನ ಆಸ್ಪತ್ರೆಯೊಂದು ಅವಳನ್ನು ಕರೆಸಿಕೊಂಡಿತು. ಅವಳ ಜೊತೆಗೆ ನಾನು ಬಂದೆ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ ಸಿಕ್ಕಿತು. ತಂಗಿಯ ಗಂಡ ಸರ್ಜನ್, ಬೆಂಗಳೂರಿನವನು. ಡಲ್ಲಾಸ್ ಪಕ್ಕದ ಸೌತ್‌ಲೇಕಿನಲ್ಲಿ ಮನೆ. ನನಗಿಂತ ಹತ್ತು ವರ್ಷ ಚಿಕ್ಕವನಾದ ಈ ಷಡ್ಡಕ ನನ್ನನ್ನು 'ಬ್ರದರ್' ಎನ್ನುತ್ತಿದ್ದ. ಮನೆಗೆ ನೆಂಟರು ಬಂದಾಗಲೆಲ್ಲ ನನ್ನ ಹೆಗಲ ಮೇಲೆ ಕೈ ಹಾಕಿ ಒಂದೇ ಜೋಕು ಹೇಳುತ್ತಿದ್ದ.

"ಅಕ್ಕ ಅಮೆರಿಕಾಗೆ ಬರುವಾಗ ಎರಡು ಸೂಟ್‌ಕೇಸ್‌ಗೆ ಮಾತ್ರ ಪರ್ಮಿಷನ್ ಇತ್ತು. ಮೂರನೇದು ನಮ್ಮ ಬ್ರದರ್!"

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಹಲ್ಲು ಕಚ್ಚಿಕೊಂಡು. ಅವನ ಮನೆಯ ನುಣ್ಣನೆಯ ಕಲ್ಲುಹಾಸಿನ ಮೇಲೆ ನಡೆಯುವಾಗ ನನ್ನ ಕಾಲ್ಚೀಲದ ತೂತು ನನಗೇ ಕಾಣುತ್ತಿತ್ತು. ಅವನು ಕೆಟ್ಟವನಾಗಿದ್ದನೇ? ಈಗ ಯೋಚಿಸಿದರೆ ಅಷ್ಟೇನಲ್ಲ. ಆದರೆ ಆಗ ನಾನು ಅವನನ್ನು ದ್ವೇಷಿಸುತ್ತಿದ್ದೆ. ಬೇರೆ ಮಾತಿನಲ್ಲಿ ಅದನ್ನು ಹೇಳಿದರೆ ಮತ್ತೆ ಸುಳ್ಳಾಗುತ್ತದೆ.

ಎರಡು ಕಾಲಿಗೆ ಎರಡು ಉದ್ದ ಪಟ್ಟಿ ಕಟ್ಟಿ ಜಾರುವ ಸ್ಕೀ ನನಗೆ ಗೋದಾಮಿನ ಗೆಳೆಯರಿಂದ ಬಂತು. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ ಅವರು ವ್ಯಾನು ಮಾಡಿಕೊಂಡು ನ್ಯೂ ಮೆಕ್ಸಿಕೋದ ಬೆಟ್ಟಕ್ಕೆ ಹೊರಟರು. ಒಂದು ಸೀಟು ಖಾಲಿ ಇತ್ತು. ನಮ್ಮ ಟೆಕ್ಸಾಸಿನಲ್ಲಿ ಹಿಮ ಎಲ್ಲಿಯದು? ಎಲ್ಲರೂ ಜೀನ್ಸ್ ಪ್ಯಾಂಟಿಗೆ ನೀರು ಹಿಡಿಯದ ಸ್ಪ್ರೇ ಹೊಡೆದುಕೊಂಡು ಬಂದಿದ್ದರು. ಆ ಬೆಟ್ಟದ ಜನ ಅದನ್ನು ನೋಡಿಯೇ "ಟೆಕ್ಸಾಸ್!" ಎಂದು ಮುಸಿಮುಸಿ ನಗುತ್ತಿದ್ದರು.

ನನಗೆ ಆಗ ನಲವತ್ತಾರು. ಬೂಟು ಹಾಕಿದ ಕ್ಷಣ ಯಾರೋ ಮುಂಗಾಲನ್ನು ಇಕ್ಕಳದಲ್ಲಿ ಹಿಡಿದಂತಾಯಿತು. ಸ್ಕೀಗಳ ಮುಂದಿನ ತುದಿ ಸೇರಿಸಿ ಹಿಂದೆ ಅಗಲಿಸಿ, ಪಿಜ್ಜಾ ತುಂಡಿನ ಆಕಾರ ಮಾಡಿದರೆ ವೇಗ ತಗ್ಗುತ್ತದೆ ಎಂದು ಹೇಳಿಕೊಟ್ಟರು. ನನ್ನ ಪಿಜ್ಜಾ ಕ್ಷಣಕ್ಕೊಮ್ಮೆ ಹರಿದುಹೋಗುತ್ತಿತ್ತು. ಮೊದಲ ದಿನ ಹದಿನೈದು ಸಲವಾದರೂ ಬಿದ್ದಿರಬೇಕು. ಒಮ್ಮೆ ಕಾಲು ತಿರುಚಿ ಬಿದ್ದಾಗ ಸ್ಕೀ ಎರಡೂ ಟಕ್ಕೆಂದು ಬೂಟಿನಿಂದ ಕಳಚಿ ಬೇರೆಯಾದವು. ಮುರಿದೇ ಹೋದವೆಂದು ಗಾಬರಿಯಾಗಿ ಬಾಡಿಗೆ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದ ಮುದುಕ ನಕ್ಕು ವಿವರಿಸಿದ. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯಲ್ಲಿ ಬಿಗಿತ ಹೆಚ್ಚು ಕಡಿಮೆ ಮಾಡುವ ಸ್ಕ್ರೂ ಇದೆ. ಹೊಸಬರಿಗೆ ಸಡಿಲ ಇಡುತ್ತಾರೆ, ಬಿದ್ದರೆ ಕಾಲು ಬಿಟ್ಟುಬಿಡಲಿ ಎಂದು. ವೇಗವಾಗಿ ಹೋಗುವ ನುರಿತವರಿಗೆ ಬಿಗಿ. ಸಡಿಲ ಇರಬೇಕಾದವನಿಗೆ ಬಿಗಿ ಮಾಡಿದರೆ ಸ್ಕೀ ಬಿಡುವುದಿಲ್ಲ, ಅದರ ಬದಲು ಮೊಣಕಾಲು ಬಿಡುತ್ತದೆ.

ಈ ಮಾತು ನನಗೆ ಚೆನ್ನಾಗಿ ಗೊತ್ತಿತ್ತು ಎಂಬುದನ್ನು ಓದುವವರು ಮರೆಯಬಾರದು.

ಮೂರನೆಯ ದಿನ ಮಧ್ಯಾಹ್ನ ಯಾವುದೋ ಒಂದು ತಿರುವಿನಲ್ಲಿ ದೇಹ ತಾನಾಗಿ ವಾಲಿತು. ಫೋರ್ಕ್‌ಲಿಫ್ಟಿನ ಮೇಲೆ ಭಾರ ಎತ್ತ ಜಗ್ಗುತ್ತದೆ ಎಂದು ಅಂಗಾಲಿನಲ್ಲಿ ತಿಳಿಯುತ್ತದಲ್ಲ, ಹಾಗೇ ತಿಳಿಯಿತು. ಕೆಳಗೆ ಬಂದು ನಿಂತಾಗ ಕಣ್ಣಲ್ಲಿ ನೀರು. ಗಾಳಿಗೆ ಬಂತೆಂದು ಗೆಳೆಯರಿಗೆ ಹೇಳಿದೆ. ಅಷ್ಟು ವರ್ಷ ಹೆಂಡತಿಯ ಹಿಂದೆ ಸೂಟ್‌ಕೇಸಿನಂತೆ ಬಂದವನಿಗೆ, ಒಬ್ಬನೇ ಎಲ್ಲಿಗೋ ಹೋದ ಹಾಗೆ ಅನಿಸಿತ್ತು.

ಮರುವರ್ಷ ಅದೇ ಬೆಟ್ಟದಲ್ಲಿ ಹಿಮದ ರಾಶಿಯೊಳಗಿಂದ "ಥೂ ನಿನ್ನಜ್ಜಿ!" ಎಂಬ ಕೂಗು ಕೇಳಿಸಿತು. ಬಗ್ಗಿ ನೋಡಿದರೆ ಎರಡು ಕಾಲನ್ನೂ ಒಂದೇ ಹಲಗೆಗೆ ಕಟ್ಟಿಕೊಂಡು ಮಗುಚಿ ಬಿದ್ದ ಹುಡುಗ. ಮಂಗಳೂರಿನ ಬ್ಯಾರಿ ಹುಡುಗ, ಆಸ್ಟಿನ್ನಿನಲ್ಲಿ ಎಂ.ಎಸ್. ಓದುತ್ತಿದ್ದ. ಜೊತೆಗೆ ಮೈಸೂರಿನ ಕ್ರಿಶ್ಚಿಯನ್ ಹುಡುಗಿಯೊಬ್ಬಳು. ನನಗೆ ಸ್ನೋಬೋರ್ಡ್ ಕಲಿಸಿದವರು ಅವರಿಬ್ಬರು. ಆಸ್ಟಿನ್ನಿಗೆ ಹೋದಾಗ ಅವರ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ, ನೀರಿನ ಪೈಪಿನ ತುಂಡಿನ ಮೇಲೆ ಹಲಗೆ ಇಟ್ಟು ನನ್ನನ್ನು ನಿಲ್ಲಿಸುತ್ತಿದ್ದರು.

"ಅಂಕಲ್, ನೆಲ ನೋಡಬೇಡಿ. ಎಲ್ಲಿ ನೋಡ್ತೀರೋ ಬೋರ್ಡ್ ಅಲ್ಲಿಗೇ ಹೋಗುತ್ತೆ."

"ನೆಲ ನೋಡಿದ್ರೆ?"

"ನೆಲಕ್ಕೇ ಹೋಗ್ತೀರಿ. ಆಂಟಿ ನರ್ಸಲ್ವಾ, ಪರವಾಗಿಲ್ಲ ಬಿಡಿ!"

ಸ್ನೋಬೋರ್ಡಿನ ಸುಖವೇ ಬೇರೆ. ಸ್ಕೀಯಲ್ಲಿ ಎರಡು ಕಾಲು ಒಂದಕ್ಕೊಂದು ಜಗಳವಾಡುತ್ತವೆ. ಬೋರ್ಡಿನಲ್ಲಿ ಜಗಳವಿಲ್ಲ, ಹಿಮ್ಮಡಿಗೆ ಭಾರ ಕೊಟ್ಟರೆ ಒಂದು ಕಡೆ, ಬೆರಳಿಗೆ ಕೊಟ್ಟರೆ ಇನ್ನೊಂದು ಕಡೆ. ಬಾಲದ ಮೂಳೆ ಒಂದು ತಿಂಗಳು ಕೂರಲು ಬಿಡಲಿಲ್ಲ, ನಿಜ. ಆದರೆ ಹೊಸ ಹಿಮದ ಮೇಲೆ ಸದ್ದೇ ಇಲ್ಲದೆ ಇಳಿಯುವುದಕ್ಕೆ ಸಮನಾದದ್ದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಈ ಸುಖವನ್ನು ನಾನು ಆಯುಧ ಮಾಡಿಕೊಂಡೆ. ಸೌತ್‌ಲೇಕಿನ ಊಟಗಳಲ್ಲಿ ಡಾಕ್ಟರು ಬಾಯಿ ತೆರೆಯುವ ಮೊದಲೇ ಹಿಮದ ಮಾತು ಎತ್ತುತ್ತಿದ್ದೆ. ನೆಂಟರು ಅವನನ್ನು ಬಿಟ್ಟು ನನ್ನ ಸುತ್ತ ಕೂರತೊಡಗಿದರು. ಕೊನೆಗೊಮ್ಮೆ ಅವನೇ ಹೇಳಿದ, "ಈ ಡಿಸೆಂಬರ್ ನಾವೂ ಬರ್ತೀವಿ ಬ್ರದರ್. ನೀವೇ ಕಲಿತಿದ್ದೀರಂದ್ರೆ ಅದೇನು ಬ್ರಹ್ಮವಿದ್ಯೇನಾ?"

ಎರಡು ಜೋಡಿ, ನಾಲ್ಕು ಜನ, ಅವನ ಕಾರಿನಲ್ಲಿ ಹೊರಟೆವು. ಅಕ್ಕ ತಂಗಿ ಹಿಂದೆ ಕೂತು ರೊಟ್ಟಿ, ಶೇಂಗಾ ಚಟ್ನಿ ಹಂಚುತ್ತ, ಸಣ್ಣವರಿದ್ದಾಗಿನ ಯಾವುದೋ ಮಾತಿಗೆ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಪ್ರತಿ ಭಾನುವಾರ ಒಂದು ತಾಸು ಫೋನಿನಲ್ಲಿ ಮಾತಾಡಿಯೂ ಅವರಿಗೆ ಮಾತು ಮುಗಿಯುತ್ತಿರಲಿಲ್ಲ. ಮುಂದೆ ನಾವಿಬ್ಬರು ಗಂಡಸರು. ದಾರಿಯುದ್ದಕ್ಕೂ ಅವನು ಮ್ಯಾಪು ಓದಲು ನನಗೆ ಕೊಟ್ಟು, ನಾನು ಹೇಳಿದ ತಿರುವು ಬಿಟ್ಟು ಬೇರೆ ತಿರುವು ಹಿಡಿಯುತ್ತಿದ್ದ. ಪೆಟ್ರೋಲ್ ಬಂಕಿನಲ್ಲಿ, ಗುರುತೇ ಇಲ್ಲದ ಒಬ್ಬ ತೆಲುಗು ಮನುಷ್ಯನಿಗೆ ನನ್ನನ್ನು ತೋರಿಸಿ ಸೂಟ್‌ಕೇಸಿನ ಜೋಕನ್ನು ಇಂಗ್ಲಿಷಿನಲ್ಲಿ ಹೇಳಿದ.

ಬಾಡಿಗೆ ಅಂಗಡಿಯಲ್ಲಿ ಜಾತ್ರೆಯಂಥ ಗದ್ದಲ. ಪ್ರತಿಯೊಬ್ಬರೂ ಒಂದು ಫಾರಮ್ಮು ತುಂಬಬೇಕು. ನಮ್ಮವರ ಪ್ರವಾಸದಲ್ಲಿ ಪ್ರತಿಯೊಬ್ಬರೂ ತುಂಬುವುದುಂಟೇ? ಗುಂಪಿನಲ್ಲಿ ಅಕ್ಷರ ಚೆನ್ನಾಗಿರುವವರು ಎಲ್ಲರದನ್ನೂ ತುಂಬುತ್ತಾರೆ, ಮಿಕ್ಕವರು ಓದದೆ ಸಹಿ ಹಾಕುತ್ತಾರೆ. "ಅಕ್ಕಾ, ನೀವೇ ತುಂಬಿಬಿಡಿ, ಸೈನ್ ನಾನು ಗೀಚ್ತೀನಿ" ಎಂದ ಡಾಕ್ಟರು. ನನ್ನ ಹೆಂಡತಿ ಒಬ್ಬೊಬ್ಬರ ಎತ್ತರ, ತೂಕ, ವಯಸ್ಸು ಕೇಳಿ, ಕೆಜಿಯನ್ನು ಪೌಂಡಿಗೆ ತಿರುಗಿಸಿ, ಎರಡೆರಡು ಸಲ ನೋಡಿ ಬರೆದಳು. ಕೊನೆಯಲ್ಲಿ ಒಂದು ಖಾನೆ. ಸ್ಕೀ ಮಾಡುವವನು ಯಾವ ತರಗತಿಯವನು? ನಿಧಾನಿಗೆ ಒಂದು, ಮಧ್ಯಮಕ್ಕೆ ಎರಡು, ವೇಗಿಗೆ ಮೂರು. ರೋಮನ್ ಅಂಕಿಯಲ್ಲಿ, ಗೆರೆಗಳಾಗಿ ಬರೆಯಬೇಕು. ಕೊಂಡಿಯ ಬಿಗಿತ ಇಡುವುದು ಇದನ್ನು ನೋಡಿಯೇ. ಡಾಕ್ಟರ ಫಾರಮ್ಮಿನಲ್ಲಿ ಅವಳು ಒಂದು ನೆಟ್ಟನೆಯ ಗೆರೆ ಎಳೆದಳು.

ಸಹಿಗಳಾದ ಮೇಲೆ ನಾಲ್ಕನ್ನೂ ಹಿಡಿದು ಸಾಲಿನಲ್ಲಿ ನಿಂತವನು ನಾನು. ಕೌಂಟರಿಗೆ ದಾರ ಕಟ್ಟಿದ ಪೆನ್ನಿತ್ತು, ಅವಳು ಬರೆದದ್ದೂ ಅಂಥದೇ ನೀಲಿ ಪೆನ್ನಿನಲ್ಲಿ. ಡಾಕ್ಟರ ಫಾರಮ್ಮಿನಲ್ಲಿ ಅವಳ ಒಂದು ಗೆರೆಯ ಪಕ್ಕದಲ್ಲಿ ನಾನು ಇನ್ನೆರಡು ಗೆರೆ ಎಳೆದೆ. ಒಂದು ಉಸಿರು ಒಳಗೆ ಹೋಗಿ ಹೊರಬರುವಷ್ಟು ಹೊತ್ತೂ ಹಿಡಿಯಲಿಲ್ಲ.

ಯಾಕೆ? ಬಿದ್ದಾಗ ಸ್ಕೀ ಕಳಚದೆ, ಮಗುಚಿದ ಜಿರಳೆಯ ಹಾಗೆ ಅವನು ಒದ್ದಾಡಲಿ, ಅದನ್ನು ಅವನ ಹೆಂಡತಿ ನೋಡಲಿ, ಸಂಜೆ ನನಗೊಂದು ಜೋಕು ಸಿಗಲಿ. ಇಷ್ಟೇ ಅಂದುಕೊಂಡಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಆದರೆ ಮೊಣಕಾಲಿನ ಮಾತನ್ನು ಆ ಮುದುಕ ನನಗೆ ಹೇಳಿದ್ದನಲ್ಲ.

ಒಳಗೆ ಬೂಟು ಕೊಡುವವನು ಫಾರಮ್ಮು ನೋಡಿ, ಡಾಕ್ಟರ ಕಡೆ ತಿರುಗಿ, "ಮೂರನೇ ತರಗತಿ ಅಲ್ಲವೇ?" ಎಂದು ಕೇಳಿದ. ಅರ್ಥವಾಗಲಿಲ್ಲ ಎಂದು ಹೇಳುವ ಅಭ್ಯಾಸವೇ ಡಾಕ್ಟರಿಗೆ ಇರಲಿಲ್ಲ. "ಯಾ, ಯಾ" ಎಂದು ತಲೆಯಾಡಿಸಿದ. ನಾನು ಪಕ್ಕದಲ್ಲೇ ನನ್ನ ಸ್ನೋಬೋರ್ಡಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದೆ.

ಅವನು ಕಲಿಸುವವರ ಹತ್ತಿರ ಹೋಗಲಿಲ್ಲ. "ಎಂಟು ಗಂಟೆ ನಿಂತು ಆಪರೇಷನ್ ಮಾಡೋ ಕಾಲು ಇದು, ಇದಕ್ಕೆ ಕ್ಲಾಸ್ ಬೇಕಾ?" ಎಂದ. ಅವನನ್ನು ಮಕ್ಕಳ ಇಳಿಜಾರಿನಲ್ಲಿ ಬಿಟ್ಟು ನಾನು ಮೇಲೆ ಹೋದೆ. ಆ ದಿನ ಹಿಮ ಹೊಸದಾಗಿ ಬಿದ್ದಿತ್ತು. ನನ್ನ ಜೀವನದ ಅತಿ ಒಳ್ಳೆಯ ಇಳಿತ ಅದು, ಮೇಲಿನಿಂದ ಕೆಳಗಿನವರೆಗೆ ಒಂದು ಸಲವೂ ಬೀಳಲಿಲ್ಲ. ಕೆಳಗೆ ಬಂದಾಗ ಅವನನ್ನು ಸ್ಲೆಡ್ಡಿನ ಮೇಲೆ ಮಲಗಿಸಿ ಎಳೆದೊಯ್ಯುತ್ತಿದ್ದರು.

ಬಹಳ ನಿಧಾನವಾಗಿ ಬಿದ್ದನಂತೆ. ದೇಹ ಒಂದು ಕಡೆ ತಿರುಗಿತು, ಸ್ಕೀ ಬಿಡಲಿಲ್ಲ, ಮೊಣಕಾಲು ತಿರುಚಿತು.

ಬೆಟ್ಟದ ಕೆಳಗಿನ ಕ್ಲಿನಿಕ್ಕಿನಲ್ಲಿ ಅವನ ಪ್ಯಾಂಟು ಕತ್ತರಿಸುತ್ತಿದ್ದಾಗ ಬಾಡಿಗೆ ಅಂಗಡಿಯ ಸಿಬ್ಬಂದಿಯೊಬ್ಬ ಫಾರಮ್ಮಿನ ಪ್ರತಿ ತಂದು ತೋರಿಸಿದ. ಕೊಂಡಿಯನ್ನು ಇದರ ಪ್ರಕಾರವೇ ಬಿಗಿ ಮಾಡಿದ್ದರು. ನಾದಿನಿ ಅದನ್ನು ಕಿತ್ತುಕೊಂಡು ಅಕ್ಕನ ಮುಖಕ್ಕೆ ಹಿಡಿದಳು.

"ಅಕ್ಕಾ, ಮೂರ ಅಂತ ಯಾಕ ಬರದಿ?"

"ನಾ ಒಂದ ಬರದಿದ್ದೆ."

"ಇದು ನಿನ್ನ ಅಕ್ಷರ ಅಲ್ಲೇನ?"

ನನ್ನ ಹೆಂಡತಿ ಕಾಗದ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. "ನನ್ನ ಅಕ್ಷರನ" ಎಂದಳು.

"ನರ್ಸ್ ಅದಿ ನೀ! ಮಂದಿಗೆ ಔಷಧ ಕೊಡಾಕಿ. ಒಂದ ಫಾರಮ್ ಸರಿ ಬರಿಯಾಕ ಬರಲಿಲ್ಲೇನ ನಿನಗ?"

ಆಗ ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಮೂರು ಅಡಿ ದೂರದಲ್ಲಿ ನಿಂತಿದ್ದೆ. ನನ್ನ ಜಾಕೆಟ್ಟಿನ ಹಿಮ ಕರಗಿ ನೆಲಕ್ಕೆ ಬೀಳುತ್ತಿತ್ತು.

"ರೀ, ನೀವ ಅಲ್ಲೇ ಇದ್ರಿ. ನಾ ಏನ ಬರದಿದ್ದೆ?"

ನಾನು ಹೇಳಿದೆ, "ಗದ್ದಲದಾಗ ತಪ್ಪಿ ಬರದಿರಬೇಕ ನೀ."

ಆಮೇಲೆ ಅವಳು ವಾದಿಸಲಿಲ್ಲ. ವಾದಿಸಿದ್ದರೆ ಬಹುಶಃ ನಾನು ಒಪ್ಪಿಕೊಳ್ಳುತ್ತಿದ್ದೆ. ಬಹುಶಃ ಇಲ್ಲ.

ಡಾಕ್ಟರಿಗೆ ಆಪರೇಷನ್ ಆಯಿತು. ಐದಾರು ತಿಂಗಳು ಕೆಲಸಕ್ಕೆ ಹೋಗಲಿಲ್ಲ, ಮುಂದೆಯೂ ಸ್ವಲ್ಪ ಕುಂಟು ಉಳಿಯಿತು. ಭಾನುವಾರದ ಫೋನು ನಿಂತಿತು. ನನ್ನ ಹೆಂಡತಿ ಒಂದೆರಡು ತಿಂಗಳು ಆ ಹೊತ್ತಿಗೆ ಫೋನಿನ ಹತ್ತಿರದ ಕುರ್ಚಿಯಲ್ಲಿ ಕಾಯಿಪಲ್ಲೆ ಸೋಸುತ್ತ ಕೂರುತ್ತಿದ್ದಳು. ಆಮೇಲೆ ಅದೂ ನಿಂತಿತು.

ಆದರೆ ಹೆಚ್ಚು ಕೆಟ್ಟದ್ದು ಇನ್ನೊಂದು. ಅವಳಿಗೆ ತನ್ನ ಕೈಯ ಮೇಲಿನ ನಂಬಿಕೆ ಹೋಯಿತು. ಬರೆದ ಚೀಟಿಯನ್ನು ನನಗೆ ತೋರಿಸಿ, "ಇದು ಏಳು ಹೌದಲ್ಲರಿ?" ಎಂದು ಕೇಳತೊಡಗಿದಳು. ಬೀಗ ಹಾಕಿ, ಕಾರು ಹತ್ತಿ, ಇಳಿದು ಹೋಗಿ ಮತ್ತೆ ಬೀಗ ಜಗ್ಗುತ್ತಿದ್ದಳು. ವಾರ್ಡಿನಲ್ಲಿ ಒಂದು ಇಂಜೆಕ್ಷನ್ ತುಂಬಲು ಬೇರೆ ನರ್ಸನ್ನು ಮೂರು ಸಲ ಕರೆದಳಂತೆ. ಒಂದು ದಿನ, ರೋಗಿಗಳಿಗೆ ಔಷಧ ಕೊಡುವ ಕೆಲಸ ಬೇಡ, ಡಿಸ್ಚಾರ್ಜ್ ಕಾಗದ ನೋಡುವ ಟೇಬಲ್ಲಿಗೆ ಹಾಕಿ ಎಂದು ತಾನೇ ಕೇಳಿಕೊಂಡಳು. ಇಪ್ಪತ್ತು ವರ್ಷ ವಾರ್ಡಿನಲ್ಲಿ ಒಂದು ತಪ್ಪೂ ಮಾಡದವಳು. ಬೆಳಿಗ್ಗೆ ಅವಳನ್ನು ಆ ಟೇಬಲ್ಲಿಗೆ ಬಿಟ್ಟು ಬರುತ್ತಿದ್ದವನು ನಾನೇ. ದಾರಿಯಲ್ಲಿ ರೇಡಿಯೋ ಹಾಕಿಕೊಂಡಿರುತ್ತಿದ್ದೆ.

ಅದರ ಮುಂದಿನ ಚಳಿಗಾಲವೂ ನಾನು ಬೆಟ್ಟಕ್ಕೆ ಹೋದೆ. ಇನ್ನೂ ನಾಲ್ಕು ಚಳಿಗಾಲ ಹೋದೆ. ಬೋರ್ಡಿನ ಮೇಲೆ ಸುಖಪಡಲಿಲ್ಲ ಎಂದು ಬರೆದರೆ ನಿಮಗೆ ಇಷ್ಟವಾಗಬಹುದು. ಸುಖಪಟ್ಟೆ.

ಎರಡು ವರ್ಷದ ಮೇಲೆ ಯಾವುದೋ ಕೆಲಸಕ್ಕೆ ಡಲ್ಲಾಸಿಗೆ ಹೋದವನು ಒಬ್ಬನೇ ಸೌತ್‌ಲೇಕಿನ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಡಾಕ್ಟರು ಸೋಫಾದಿಂದ ಎದ್ದು ನಿಲ್ಲಲು ಕೈ ಊರಿದ್ದು ಕಂಡಿತು. "ನಿಮ್ಮನ್ನ ಅಲ್ಲಿಗೆ ಕರಕೊಂಡು ಹೋಗಿದ್ದೇ ನನ್ನ ತಪ್ಪು, ಕ್ಷಮಿಸಬೇಕು" ಎಂದೆ. "ಬಿಡಿ ಬ್ರದರ್, ಆಗಿದ್ದು ಆಯ್ತು" ಎಂದ. ಆಮೇಲೆ ನಾದಿನಿಯ ಕಡೆ ತಿರುಗಿದೆ. ಬಾಯಿಂದ ಬಂದದ್ದು ಈ ಮಾತು: "ನಿಮ್ಮ ಅಕ್ಕನ ಪರವಾಗಿ ನಾ ಕ್ಷಮಾ ಕೇಳ್ತೀನಿ. ಅಕಿ ಬೇಕಂತ ಮಾಡಿಲ್ಲ."

ನಾದಿನಿ ಅತ್ತಳು. ಆ ಭಾನುವಾರ ನಮ್ಮ ಮನೆಯ ಫೋನು ರಿಂಗಾಯಿತು. "ಮಾಮಾ ಬಂದು ಕ್ಷಮಾ ಕೇಳಿ ಹೋದ್ರ. ಇರ್ಲಿ ಬಿಡ ಅಕ್ಕಾ, ನಾ ಮರತೀನಿ" ಎಂದಳಂತೆ. ಹೆಂಡತಿ ಫೋನಿಟ್ಟು ಅಡಿಗೆಮನೆಗೆ ಬಂದಳು. ನಾನು ಊಟಕ್ಕೆ ಕೂತಿದ್ದೆ.

"ನನ್ನ ತಪ್ಪಿಗೆ ನೀವು ಹೋಗಿ ತಲಿ ತಗ್ಗಿಸಿದ್ರಲ್ರಿ" ಎಂದಳು. "ಇಷ್ಟ ದೊಡ್ಡ ಮನಸ್ಸು ನಿಮಗದ ಅಂತ ನನಗ ಗೊತ್ತಿರಲಿಲ್ಲ."

ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ತಿಂದೆ.

ಈಗ ಇಬ್ಬರೂ ನಿವೃತ್ತರು. ಅಕ್ಕ ತಂಗಿ ಮಾತಾಡುತ್ತಾರೆ, ಆದರೆ ಹಬ್ಬಕ್ಕೆ, ಹುಟ್ಟಿದ ದಿನಕ್ಕೆ ಮಾತ್ರ. ತಂಗಿ ಕ್ಷಮಿಸಿದವಳಂತೆ ಮಾತಾಡುತ್ತಾಳೆ, ಅಕ್ಕ ಕ್ಷಮಿಸಲ್ಪಟ್ಟವಳಂತೆ ತಗ್ಗಿದ ದನಿಯಲ್ಲಿ ಉತ್ತರ ಕೊಡುತ್ತಾಳೆ. ಆ ದನಿ ಇನ್ನೊಂದು ಕೋಣೆಯಿಂದ ನನಗೆ ಕೇಳುತ್ತದೆ.

ಡಾಕ್ಟರ ಕ್ಷಮೆ ಕೇಳಿದ್ದೇನೆ, ಅರ್ಧ ಸತ್ಯ ಹೇಳಿ. ನಾದಿನಿಯ ಕ್ಷಮೆ ಕೇಳಿದ್ದೇನೆ, ಪೂರ್ತಿ ಸುಳ್ಳು ಹೇಳಿ. ಇಂದಿನವರೆಗೆ ಕೇಳದೆ ಬಿಟ್ಟಿರುವುದು ನನ್ನ ಹೆಂಡತಿಯ ಕ್ಷಮೆಯೊಂದನ್ನೇ.