ಸರ್ವರ್ ರಿಪೇರಿಗೆ ಬರುತ್ತಿದ್ದವರು

ನಂಜನಗೂಡಿನ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ಕೆಟ್ಟರೆ ನರಸೀಪುರದಿಂದ ಬಸ್ಸು ಹತ್ತಿ ಬರುತ್ತಿದ್ದವರು ಅವರೊಬ್ಬರೇ. ಏನೇ ತೊಂದರೆ ಹೇಳಿದರೂ, "ಅದೇನ್ ಯೋಳ್ತದೆ ಮೊದ್ಲು ಓದವ, ಸಾ" ಎಂದು ಪರದೆಯ ಸಾಲುಗಳ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಗೋಡೆ ನೆನೆದು ಕೇಬಲ್ ಹಾಳಾಯಿತು. ಲಿನಕ್ಸ್ ಸರ್ವರ್‌ಗೆ ಪುಟ್ಟದೊಂದು ವೈಫೈ ಅಡಾಪ್ಟರ್ ಸಿಕ್ಕಿಸಿದೆವು. ಸರ್ವರ್ ಅದನ್ನು ಗುರುತಿಸಲೇ ಇಲ್ಲ. ಅವರನ್ನು ಕರೆಸಿ, ಬೇರೆ ತರಿಸೋಣವೇ ಎಂದೆ.

"ಇದು ಕೆಟ್ಟಿಲ್ಲ ಸಾ, ಇದ್ರ ಡ್ರೈವರ್ ಸಾಫ್ಟ್‌ವೇರ್ ಇಲ್ಲ ಅಷ್ಟೇಯ" ಎಂದವರು ತಮ್ಮ ಮೊಬೈಲಿನಿಂದ ಅದನ್ನು ಇಳಿಸಿ, ಮಧ್ಯಾಹ್ನದ ಹೊತ್ತಿಗೆ ನೆಟ್‌ವರ್ಕ್ ತಂದರು.

ಮೂರು ದಿನದಿಂದ ಮೈಸೂರಿನ ದೊಡ್ಡ ಲ್ಯಾಬಿನಲ್ಲಿ ನಿಂತಿದ್ದ ರೋಗಿಗಳ ವರದಿಗಳು ಒಂದೊಂದಾಗಿ ಬಂದವು. ಅವುಗಳಲ್ಲಿ ಅವರ ಹೆಂಡತಿಯ ಎದೆಯ ಗಂಟಿನದೂ ಇತ್ತು. ನಾನು ಕಣ್ಣಾಡಿಸಿ, ಪರದೆಯನ್ನು ಆಚೆ ತಿರುಗಿಸಹೋದೆ.

"ಬುಡಿ ಸಾ, ನಾನೇ ನೋಡ್ತೀನಿ."

ಮೊದಲ ಸಾಲಿನಿಂದ ಕೊನೆಯವರೆಗೂ ಓದಿದರು. ಕ್ಯಾನ್ಸರ್ ಎಂದೇ ಬರೆದಿತ್ತು. ಆ ಪದದ ಕೆಳಗೆ ಬೆರಳಿಟ್ಟು ಇನ್ನೊಮ್ಮೆ ಓದಿದರು.

"ಮನೇಲಿ ಈಗ್ಲೇ ಹೇಳ್ಬೇಡಿ" ಎಂದೆ.

"ಎರಡು ಪ್ರಿಂಟ್ ಕೊಡಿ ಸಾ" ಎಂದರು. "ಒಂದು ಡಾಕ್ಟ್ರಿಗೆ, ಒಂದು ಅವ್ಳಿಗೆ. ಮೈ ಅವ್ಳ್ದು ಅಲ್ವಾ?"